ಬೀಗದ ಮೇಷ್ಟ್ರ ತರಗತಿ

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಗುಟ್ಟು ಬಹಳ ದಿನ ಉಳಿಯುವುದಿಲ್ಲ. ರಟ್ಟು ಮಾಡುವುದೇ ಅಲ್ಲಿನ ಕಸುಬು. ಹಾಗಾಗಿ ಬೀಗದ ಮೇಷ್ಟ್ರಿಗೆ ಆ ಹೆಸರು ಇಟ್ಟವರು ಯಾರೆಂಬುದು ಗೇಟಿನವನಿಂದ ಮ್ಯಾನೇಜರವರೆಗೆ ಎಲ್ಲರಿಗೂ ಗೊತ್ತಿತ್ತು. ಇಟ್ಟವಳು ಅವರ ಒಡಹುಟ್ಟಿದ ತಂಗಿ. ಅವಳೂ ಅಲ್ಲೇ, ರಟ್ಟಿನ ಹಾಳೆಗೆ ಮಡಿಕೆಯ ಗೆರೆ ಒತ್ತುವ ಯಂತ್ರದ ಮುಂದೆ ನಿಂತು ಕೆಲಸ ಮಾಡುತ್ತಿದ್ದಳು. ಕೈ ಹಿಡಿದ ಗಂಡ ಕೈಕೊಟ್ಟು ಹೋದ ಮೇಲೆ ಅವಳನ್ನೂ ಅವಳ ಪುಟ್ಟ ಮಗಳನ್ನೂ ಕರೆತಂದು, ತಮ್ಮ ಮನೆಯ ಹಿಂದಿನ ಬೀದಿಯಲ್ಲೇ ಬಾಡಿಗೆ ಮನೆ ಹುಡುಕಿ, ಕಾರ್ಖಾನೆಗೆ ಸೇರಿಸಿದ್ದು ಮೇಷ್ಟ್ರೇ. ಅದಕ್ಕೆ ಅವಳು ತೋರಿಸಿದ ಕೃತಜ್ಞತೆ ಈ ಅಡ್ಡಹೆಸರು.

ಮೇಷ್ಟ್ರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಶಾಲೆಗೂ ಅವರಿಗೂ ಹೈಸ್ಕೂಲಿನಲ್ಲೇ ಮಾತು ಬಿಟ್ಟುಹೋಗಿತ್ತು. ಮೊದಲು ಅವರೂ ಯಂತ್ರದ ಮುಂದೆ ನಿಂತವರೇ. ಆದರೆ ಯಂತ್ರಗಳ ಗದ್ದಲದ ಮೇಲೂ ಕೇಳಿಸುವ ಗಂಟಲು, ಎದುರಿಗಿದ್ದವರನ್ನು ನಗಿಸಿ ಕೂರಿಸುವ ಚಾಳಿ ಎರಡೂ ಇದ್ದದ್ದರಿಂದ, ಯಾವ ಕಾಲದಲ್ಲೋ ಒಬ್ಬ ಮ್ಯಾನೇಜರು ಅವರನ್ನು ಕರೆದು, "ಹೊಸಬರಿಗೆ ಕೈ ಉಳಿಸಿಕೊಳ್ಳೋದು ಹೇಗೆ ಅಂತ ನೀನೇ ಹೇಳಿಕೊಡು" ಎಂದರು. ಅಲ್ಲಿಂದ ಅದೇ ಅವರ ಉದ್ಯೋಗವಾಯಿತು.

ತರಗತಿ ಎಂದರೆ ಕಾಗದದ ಉರುಳೆಗಳ ಗೋಡೌನಿಗೆ ಅಂಟಿಕೊಂಡ ಒಂದು ಉದ್ದನೆಯ ಕೋಣೆ. ಕೆಲವು ಬೆಂಚು, ಏನನ್ನೋ ಜ್ಞಾಪಿಸಿಕೊಳ್ಳುವಂತೆ ಆಗಾಗ ನಿಂತುಬಿಡುವ ಫ್ಯಾನು, ಗೋಡೆಯ ಮೇಲೆ ಮೊಳೆಗಳ ಸಾಲು. ಒಂದೊಂದು ಮೊಳೆಗೂ ಒಂದೊಂದು ಬೀಗ. ಓದು ಬಾರದವರಿಗೂ ತಮ್ಮ ಬೀಗ ಗೊತ್ತಾಗಲೆಂದು ಮೇಷ್ಟ್ರು ಪ್ರತಿಯೊಂದರ ಮೇಲೂ ಬಣ್ಣದಲ್ಲಿ ಚಿತ್ರ ಬರೆದಿದ್ದರು: ಮೀನು, ಕೊಡೆ, ಚಂದ್ರ, ಚಮಚ. ತಂಗಿಯ ಬೀಗದ ಮೇಲೆ ಕಾಗೆ. ಅಡ್ಡಹೆಸರಿಗೆ ಅದು ಅವರ ಉತ್ತರ. ಮುಂದಿನ ಮೇಜಿನ ಮೇಲೆ ಹಲಗೆಗೆ ಬಡಿದ ಹಳೆಯ ಸ್ವಿಚ್ ಪೆಟ್ಟಿಗೆ, ಅದಕ್ಕೊಂದು ಕೆಂಪು ಬಲ್ಬು. ಆ ಹಲಗೆಯೇ ಅವರ ಪಾಲಿನ ಕಾರ್ಖಾನೆ.

ಪಾಠ ಇಷ್ಟೇ. ಯಂತ್ರದಲ್ಲಿ ಏನಾದರೂ ಸಿಕ್ಕಿಕೊಂಡರೆ ಕೈ ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸಬೇಕು. ಅದಕ್ಕೆ ನಿನ್ನದೇ ಬೀಗ ಹಾಕಬೇಕು. ಬೀಗದ ಕೈ ನಿನ್ನ ಕೊರಳಲ್ಲಿರಬೇಕು. ಸ್ಟಾರ್ಟ್ ಗುಂಡಿ ಒತ್ತಿ, ಯಂತ್ರ ಸತ್ತಿದೆಯೇ ಎಂದು ನೋಡಬೇಕು. ಆಮೇಲೆ ಕೈ. ನೀನು ಒಳಗೆ ಬಗ್ಗಿರುವಾಗ ಇನ್ಯಾರೋ ಬಂದು ಚಾಲೂ ಮಾಡದಂತೆ ಇಷ್ಟೆಲ್ಲ ಉಪಾಯ. ಹೇಳುವುದಕ್ಕೆ ಒಂದು ಗುಟುಕು ಟೀ ಕುಡಿಯುವಷ್ಟು ಹೊತ್ತು ಸಾಕು. ಅದನ್ನು ಮೈಗೆ ಹತ್ತಿಸಲು ಮೇಷ್ಟ್ರು ಇಡೀ ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದರು. "ಬೀಗದ ಕೈ ನಿನ್ನ ಹತ್ರ ಇದ್ರೆ, ನಿನ್ನ ಕೈ ನಿನ್ನ ಹತ್ರ ಇರುತ್ತೆ" ಎನ್ನುವುದು ಅವರ ಪಲ್ಲವಿ.

ಹಲಗೆಗೆ ಬೀಗ ಹಾಕಿ ನಿಂತವನ ಎದುರು ಅವರೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಸೂಪರ್‌ವೈಸರ್ ಆಗುತ್ತಿದ್ದರು.

"ಲಾರಿ ಹೊರಗೆ ಕಾಯ್ತಾ ಇದೆ. ಯಾರಪ್ಪ ಇದಕ್ಕೆ ಬೀಗ ಜಡಿದಿದ್ದು? ಕೀ ಕೊಡು ಇಲ್ಲಿ."

"ಕೊಡಲ್ಲ ಸಾರ್."

"ಕೊಡದಿದ್ರೆ ನಾಳೆಯಿಂದ ಬರಬೇಡ."

"ಬರಲ್ಲ ಸಾರ್. ಕೈ ಒಂದಿದ್ರೆ ಬೇರೆ ಕಡೆ ಕೆಲಸ ಸಿಗುತ್ತೆ."

ಬೆದರಿಕೆಗೆ ಬಗ್ಗದವನಿಗೆ ಮುಂದಿನ ಪರೀಕ್ಷೆ. ಹೆಗಲ ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಮೇಷ್ಟ್ರು ಅವನ ಹೆಂಡತಿಯಾಗುತ್ತಿದ್ದರು. "ರೀ, ಕೊರಳಲ್ಲಿ ಯಾವುದ್ರೀ ಆ ಕೀ? ಯಾರ ಮನೇದು?"

ಬೆಂಚುಗಳು ನಕ್ಕು ನಕ್ಕು ಅಲುಗಾಡುವಾಗ ಹಿಂದಿನ ಸಾಲಿನಿಂದ ತಂಗಿಯ ದನಿ ಬರುತ್ತಿತ್ತು. "ಅಣ್ಣ, ಅತ್ತಿಗೆ ಥರ ಮಾಡೋದು ಸರಿಯಾಗಿ ಬರ್ತಿಲ್ಲ. ಅವರು ಇನ್ನೂ ಜೋರಾಗಿ ಕೇಳ್ತಾರೆ."

"ಏ, ನಿನ್ನ ಕ್ಲಾಸಿಂದ ಆಚೆ ಹಾಕ್ತೀನಿ ನೋಡು."

"ಹಾಕು. ಸಂಜೆ ಟೀ ಕುಡಿಯಕ್ಕೆ ಮನೆಗೆ ಬರ್ತೀಯಲ್ಲ, ನಾನೂ ಆಚೆ ಹಾಕ್ತೀನಿ."

ಈ ತರಗತಿಯಿಂದ ಎದ್ದುಹೋದವರದ್ದು ಒಂದು ಉಗುರೂ ಹೋಗಿಲ್ಲ ಎನ್ನುವುದು ಮೇಷ್ಟ್ರ ಹೆಮ್ಮೆ. ಅದನ್ನು ಅವರು ಟೀ ಅಂಗಡಿಯಲ್ಲಿ ಹೇಳುತ್ತಿದ್ದರು, ಮದುವೆ ಮನೆಯ ಪಂಕ್ತಿಯಲ್ಲಿ ಹೇಳುತ್ತಿದ್ದರು, ಹಲ್ಲಿನ ಡಾಕ್ಟರು ಬಾಯಿ ಬಿಡಿಸಿದಾಗಲೂ ಹೇಳಲು ನೋಡಿದ್ದರು. ಬೀಗ ಕಲಿಸುವ ಮನುಷ್ಯ ಒಂದಿಷ್ಟು ಬೀಗಿದರೆ ಬೀಗಲಿ ಎಂದು ಜನ ಬಿಟ್ಟುಬಿಟ್ಟಿದ್ದರು.

ಒಂದು ದಿನ ಮ್ಯಾನೇಜರು ಅವರನ್ನು ಕೋಣೆಗೆ ಕರೆದು, "ಕೂತ್ಕೊಳ್ಳಿ ಮೇಷ್ಟ್ರೇ" ಎಂದರು. ಮ್ಯಾನೇಜರು ಕೆಟ್ಟವರಲ್ಲ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿ ಎದೆಯುರಿ ಹತ್ತಿಸಿಕೊಂಡು, ಸದಾ ಬಾಯಲ್ಲೊಂದು ಬಿಳಿ ಮಾತ್ರೆ ಚೀಪುತ್ತಿದ್ದ ಸೌಮ್ಯ ಮನುಷ್ಯ. ಆದರೆ ಅವರು ಯಾರಿಗಾದರೂ ಕೂತ್ಕೊಳ್ಳಿ ಎಂದರೆ ಅವನ ಕುರ್ಚಿಗೆ ಕುತ್ತು ಬಂದಿದೆ ಎಂದೇ ಅರ್ಥ.

"ಇನ್ಮೇಲೆ ಸುರಕ್ಷತೆ ಪಾಠ ಎಲ್ಲಾ ಮೊಬೈಲಲ್ಲಿ. ಆನ್‌ಲೈನ್. ಜನ ಮನೇಲಿ ಕೂತು ಕಲೀಬಹುದು, ಬಸ್ಸಲ್ಲಿ ಕಲೀಬಹುದು."

"ಸ್ನಾನದ ಮನೇಲೂ ಕಲೀಬಹುದಾ ಸಾರ್?"

"ಮೊಬೈಲಿಗೆ ನೀರು ತಾಗದಿದ್ರೆ ಕಲೀಬಹುದು" ಎಂದರು ಮ್ಯಾನೇಜರು, ನಗದೆ.

ಮೇಷ್ಟ್ರ ಮುಖ ಸಣ್ಣದಾಯಿತು. "ಹಾಗಾದ್ರೆ ನನ್ನ ಕ್ಲಾಸು?"

"ಮುಖ್ಯ ಕಚೇರಿಯವರು ಮುಚ್ಚು ಅಂತಿದ್ದಾರೆ. ನಾನು ಒಂದು ದಾರಿ ಯೋಚನೆ ಮಾಡಿದೀನಿ. ನಮ್ಮಲ್ಲಿ ಒಬ್ಬರೂ ಬಿಡದ ಹಾಗೆ ಮೊಬೈಲ್ ಪಾಠ ಮುಗಿಸಿ ಪಾಸಾದ್ರೆ, ಇಲ್ಲಿ ಕ್ಲಾಸ್ ಇರೋದ್ರಿಂದಲೇ ಜನ ಇಷ್ಟು ಚೆನ್ನಾಗಿ ಕಲೀತಾರೆ ಅಂತ ಮೇಲೆ ಹೇಳ್ತೀನಿ. ಉಳಿಸ್ಕೋಬಹುದು. ಆಗದಿದ್ರೆ ಆ ರೂಮು ಗೋಡೌನಿಗೆ ಸೇರುತ್ತೆ."

ಮೇಷ್ಟ್ರು ಮೊದಲು ಎಲ್ಲರಿಗೂ ಮನೆಯಲ್ಲಿ ಪಾಠ ನೋಡಲು ಹೇಳಿದರು. ನೋಡಿದವರು ಬೆರಳೆಣಿಕೆಯ ಮಂದಿ. ದಿನವಿಡೀ ನಿಂತು ಮನೆಗೆ ಹೋದವರಿಗೆ ಪಾಠದ ಮೊದಲ ಚಿತ್ರ ಬರುವುದರೊಳಗೆ ಕಣ್ಣು ಮುಚ್ಚುತ್ತಿತ್ತು. ಅಕ್ಷರಗಳು ಇರುವೆಯಷ್ಟು. ಓದಿ ಹೇಳುವ ಹೆಂಗಸಿನ ಭಾಷೆ ಮದುವೆ ಕಾಗದದ ಭಾಷೆ. ಅಂಟು ಹಚ್ಚುವ ವಿಭಾಗದ ಹಿರಿಯ, ಮಾತು ಹಿಡಿದರೆ ಬಿಡದ ಕಾರಣ ಎಲ್ಲರೂ ಗೋಂದಣ್ಣ ಎಂದು ಕರೆಯುತ್ತಿದ್ದವನು, ತನ್ನ ಕಷ್ಟ ಹೇಳಿಕೊಂಡ. "ಪಾಠ ಹಾಕಿ ಕೂತೆ ಮೇಷ್ಟ್ರೇ. ಮೊಮ್ಮಗಳು ಬಂದು ಕಾರ್ಟೂನು ಅಂದ್ಕೊಂಡು ಕಿತ್ಕೊಂಡ್ಲು. ಈಗ ಅವಳು ಹೆಲ್ಮೆಟ್ ಇಲ್ದೆ ತೊಟ್ಟಿಲಲ್ಲೂ ಕೂರಲ್ಲ. ನಾನು ಮಾತ್ರ ಹಾಗೇ ಇದೀನಿ."

ಪಾಠ ಮುಗಿಸಬೇಕಾದ ದಿನ ಹತ್ತಿರ ಬಂದಂತೆ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಎಲ್ಲರೂ ಮೊಬೈಲುಗಳನ್ನು ತರಗತಿಗೇ ತರಲಿ. ಪಾಠ ಚಾಲೂ ಮಾಡಿ, ದನಿ ಅಡಗಿಸಿ, ಮೇಜಿನ ಮೇಲೆ ಸಾಲಾಗಿ ಮಲಗಿಸಲಿ. ಅವು ತಮ್ಮ ಪಾಡಿಗೆ ಪಾಠ ಕೇಳುತ್ತಿರಲಿ, ಮನುಷ್ಯರು ಬೆಂಚಿನ ಮೇಲೆ ಕೂತು ನಿಜವಾದ ಪಾಠ ಕೇಳಲಿ. ಪ್ರತಿ ಚಿತ್ರ ಮುಗಿದಾಗ 'ಮುಂದೆ' ಎಂಬಲ್ಲಿ ಒತ್ತದಿದ್ದರೆ ಪಾಠ ಸಾಗುತ್ತಿರಲಿಲ್ಲ. ಆ ಕೆಲಸಕ್ಕೆ ಗೋಂದಣ್ಣನನ್ನು ನೇಮಿಸಿದರು. ಅವನು ನೆಟ್ಟ ಸಸಿಗಳಿಗೆ ನೀರು ಹನಿಸುವವನಂತೆ ಸಾಲಿನುದ್ದಕ್ಕೂ ಓಡಾಡುತ್ತ ಒಂದೊಂದನ್ನೇ ಒತ್ತುತ್ತಿದ್ದ. ಕಲಿಯುವವರು ಒಂದು ಕಡೆ, ಕಲಿತವರು ಇನ್ನೊಂದು ಕಡೆ. ಅಂಥ ಶಾಲೆ ಹಿಂದೆಂದೂ ನಡೆದಿರಲಾರದು.

ಅದೇ ಸುಮಾರಿಗೆ ತಂಗಿಯ ಹಳೆಯ ಯಂತ್ರ ಹೋಗಿ ಹೊಸದು ಬಂದಿತ್ತು. ಹಳೆಯದು ಮೋಟಾರಿನದು, ಕರೆಂಟು ಹೋದರೆ ಅದರ ಜೀವ ಹೋಯಿತು. ಹೊಸದರಲ್ಲಿ ಒತ್ತುವ ತೋಳನ್ನು ಮೇಲೆ ಕೆಳಗೆ ಆಡಿಸುವುದು ಕೊಳವೆಯಲ್ಲಿ ಅದುಮಿಟ್ಟ ಗಾಳಿ. ಕರೆಂಟು ನಿಂತರೂ ಗಾಳಿ ಒಳಗೇ ಉಳಿಯುತ್ತದೆ. ಯಂತ್ರದ ಹಿಂಬದಿಯ ಸಣ್ಣ ಕೆಂಪು ತಿರುಪನ್ನು ತಿರುಗಿಸಿ ಅದನ್ನು ಹೊರಗೆ ಬಿಟ್ಟ ಮೇಲೆಯೇ ಕೈ ಹಾಕಬೇಕು. ಯಂತ್ರ ಕೂರಿಸಲು ಬಂದವರು ನಡೆಸುವುದನ್ನಷ್ಟೇ ತೋರಿಸಿ, ಮಿಕ್ಕದ್ದೆಲ್ಲ ಆನ್‌ಲೈನ್ ಪಾಠದಲ್ಲಿದೆ ಎಂದು ಹೊರಟುಹೋದರು. ಅವರು ಹೇಳಿದ್ದು ನಿಜವೇ. ಪಾಠದಲ್ಲಿತ್ತು.

ತಂಗಿ ಅದನ್ನು ಕಂಡಳು ಕೂಡ. ಮೇಷ್ಟ್ರು ಹಲಗೆಯ ಮುಂದೆ ಸೂಪರ್‌ವೈಸರ್ ಆಗಿ ಅಬ್ಬರಿಸುತ್ತಿದ್ದಾಗ ಅವಳ ಕಣ್ಣು ಮೇಜಿನ ಮೇಲಿದ್ದ ತನ್ನ ಮೊಬೈಲಿನತ್ತ ಹೋಯಿತು.

"ಅಣ್ಣ, ತಡಿ. ನನ್ನ ಹೊಸ ಮಿಷನ್ ಚಿತ್ರ ಬಂತು ಇದರಲ್ಲಿ. ಏನಿದೆ ನೋಡೋಣ್ವಾ?"

"ಮಿಷನ್ ನೋಡ್ಬೇಕಾ? ಆ ಬಾಗಿಲಲ್ಲಿ ಹೋಗು, ನಿಜವಾದ್ದೇ ನಿಂತಿದೆ. ಚಿತ್ರ ನೋಡಿ ಯಾರಾದ್ರೂ ಈಜು ಕಲಿತಿದ್ದಾರಾ?"

ಎಲ್ಲರೂ ನಕ್ಕರು. ಅವಳೂ ನಕ್ಕು, ಹಲಗೆಯ ಕಡೆ ತಿರುಗಿ ಕೂತಳು. ಗೋಂದಣ್ಣ ಬಂದು 'ಮುಂದೆ' ಒತ್ತಿದ.

ಕೊನೆಗೆ ಪರೀಕ್ಷೆ. ಪ್ರಶ್ನೆಗೆ ನಾಲ್ಕು ಉತ್ತರ, ಒಂದನ್ನು ಆರಿಸಬೇಕು. ಮೇಷ್ಟ್ರು ಮೊದಲ ಪ್ರಶ್ನೆಗಳಲ್ಲೇ ಮರ್ಮ ಹಿಡಿದರು: 'ಮೇಲಿನ ಎಲ್ಲವೂ' ಎಂದು ಎಲ್ಲಿದೆಯೋ ಅಲ್ಲಿ ಅದೇ ಸರಿ. ಮುಂದಿನವನ್ನು ಓದುವ ಗೋಜಿಗೇ ಹೋಗಲಿಲ್ಲ. ಅವರು ಮುಂದೆ ನಿಂತು "ಮೇಲಿನ ಎಲ್ಲವೂ" ಎಂದು ಕೂಗುವುದು, ಬೆಂಚುಗಳು "ಮೇಲಿನ ಎಲ್ಲವೂ" ಎಂದು ಮಗ್ಗಿಯಂತೆ ಒಪ್ಪಿಸಿ ಒತ್ತುವುದು. ಗಾಳಿಯ ಪ್ರಶ್ನೆಯೂ ಆ ಭಜನೆಯಲ್ಲೇ ಸಾಗಿಹೋಯಿತು. ಎಲ್ಲರಿಗೂ ಪೂರ್ತಿ ಅಂಕ. ಅಷ್ಟೂ ಮೊಬೈಲುಗಳಲ್ಲಿ ಆ ಹೆಂಗಸು ಬಾಯಿ ಆಡಿಸಿ ಅಭಿನಂದಿಸಿದಳು.

ಮುಖ್ಯ ಕಚೇರಿಯಿಂದ ಮೆಚ್ಚುಗೆ ಬಂತು. ಮ್ಯಾನೇಜರು ಕೊಟ್ಟ ಮಾತಿನಂತೆ ಹೇಳಿದರು, ತರಗತಿ ಉಳಿಯಿತು. ಮೇಷ್ಟ್ರು ಸಂತೋಷಕ್ಕೆ ಕೋಣೆಗೆ ತಾವೇ ಸುಣ್ಣ ಹೊಡೆದರು. ತಂಗಿ ಬಂದು ಬಾಗಿಲಲ್ಲಿ ನಿಂತು, "ಗೋಡೆಗಿಂತ ನಿನ್ನ ಮುಖಕ್ಕೇ ಜಾಸ್ತಿ ಬಿದ್ದಿದೆ. ಬಿಡು, ಬೆಳ್ಳಗಾದ್ರೂ ಕಾಣ್ತೀಯ" ಎಂದಳು.

ಅದು ನಡೆದದ್ದು ಹಾಡುಹಗಲು, ಊಟಕ್ಕೆ ಬಿಡುವ ಸ್ವಲ್ಪ ಮುಂಚೆ. ಒಂದು ಹಾಳೆ ಮುದುಡಿ ಹೊಸ ಯಂತ್ರದ ಒಳಗೆ ಸಿಕ್ಕಿಕೊಂಡಿತು. ತೋಳು ಅರ್ಧಕ್ಕೇ ನಿಂತಿತು. ತಂಗಿ ಅವಸರ ಮಾಡಲಿಲ್ಲ. ಪಕ್ಕದ ಯಂತ್ರದವಳು ಆಮೇಲೆ ಹೇಳಿದ ಹಾಗೆ, ಎಲ್ಲವನ್ನೂ ಕ್ರಮವಾಗಿ ಮಾಡಿದಳು. ಮೇನ್ ಸ್ವಿಚ್ ಇಳಿಸಿದಳು. ಕಾಗೆಯ ಬೀಗ ಹಾಕಿದಳು. ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಳು. ಸ್ಟಾರ್ಟ್ ಗುಂಡಿ ಒತ್ತಿ ನೋಡಿದಳು, ಯಂತ್ರ ಉಸಿರೆತ್ತಲಿಲ್ಲ. ಆಮೇಲೆ ಬಲಗೈ ಒಳಗೆ ಹಾಕಿ ಮುದುಡಿದ ರಟ್ಟನ್ನು ಎಳೆದಳು. ತೋಳನ್ನು ತಡೆದು ನಿಲ್ಲಿಸಿದ್ದದ್ದು ಆ ರಟ್ಟೊಂದೇ. ಅದು ಬಂದುಬಿಟ್ಟಿತು, ಒಳಗಿದ್ದ ಗಾಳಿ ತನ್ನ ಕೆಲಸ ಮಾಡಿತು.

ಮೇಷ್ಟ್ರು ಆಸ್ಪತ್ರೆಗೆ ಓಡಿಬಂದಾಗ ಗೋಂದಣ್ಣ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಂಗಿಯ ತೋಳಿಗೆ ರಕ್ತ ಹತ್ತಿತ್ತು. ಮೇಷ್ಟ್ರು ಕೇಳಿದ ಮೊದಲ ಮಾತು, "ಬೀಗ ಹಾಕಿರಲಿಲ್ವಾ?"

"ಹಾಕಿದ್ಲು ಮೇಷ್ಟ್ರೇ."

"ಕೀ ಯಾರಿಗಾದ್ರೂ ಕೊಟ್ಟಿದ್ಲಾ?"

"ಕೊರಳಲ್ಲೇ ಇತ್ತು. ಇಲ್ಲಿ ನರ್ಸು ಬಿಚ್ಚಿ ಕೊಟ್ರು." ಗೋಂದಣ್ಣ ಅಂಗೈ ತೆರೆದು ತೋರಿಸಿದ.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಬೀಗ ಹಾಕಿ, ಬೀಗದ ಕೈ ಕೊರಳಲ್ಲಿದ್ದೂ ಹೀಗಾಗಬಹುದಾದ ಒಂದು ಜಾಗ ಅವರ ಹಲಗೆಯ ಮೇಲೆ ಎಲ್ಲಿಯೂ ಇರಲಿಲ್ಲ. ಕಾರ್ಖಾನೆಯ ಮೆಕ್ಯಾನಿಕ್ ಬಂದು, "ಗಾಳಿ ಬಿಟ್ಟಿರಲಿಲ್ಲ ಮೇಷ್ಟ್ರೇ. ನಂಗೂ ಈಗಲೇ ಗೊತ್ತಾಗಿದ್ದು, ಕಂಪನಿಯವರಿಗೆ ಫೋನ್ ಮಾಡಿದೆ. ಪಾಠದಲ್ಲಿದೆಯಂತೆ" ಎಂದ. ಮೇಷ್ಟ್ರು ತಮ್ಮ ಮೊಬೈಲು ತೆಗೆದು, ಆ ಬೆಂಚಿನ ಮೇಲೆ ಕೂತು, ಮೊದಲ ಬಾರಿಗೆ ಪಾಠ ನೋಡಿದರು. ಚಿತ್ರ ಚೆನ್ನಾಗಿಯೇ ಇತ್ತು. ತಂಗಿಯ ಯಂತ್ರ, ಅದರ ತೋಳು, ಹಿಂದೆ ಕೆಂಪು ತಿರುಪು, ಅದನ್ನು ತಿರುಗಿಸುವ ಒಂದು ಕೈ. ಹೆಂಗಸು ಮದುವೆ ಕಾಗದದ ಭಾಷೆಯಲ್ಲೇ, ಆದರೆ ತಪ್ಪಿಲ್ಲದೆ, ಎರಡು ಸಲ ಹೇಳಿದಳು. ಅವರು ಅದನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದರು. ಕೊನೆಗೆ ಗೋಂದಣ್ಣನೇ ಮೆಲ್ಲಗೆ ಮೊಬೈಲು ತೆಗೆದುಕೊಂಡು ಜೇಬಿಗೆ ಹಾಕಿದ.

ಹೆಬ್ಬೆರಳು ಉಳಿಯಿತು. ಉಳಿದವು ಉಳಿಯಲಿಲ್ಲ.

ಮಗು ಮೇಷ್ಟ್ರ ಮನೆಯಲ್ಲಿತ್ತು. ತಂಗಿ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ. ಮೇಷ್ಟ್ರು ದಿನವೂ ಬಂದು ಕೂರುತ್ತಿದ್ದರು. ಮಾತಿನ ಮಲ್ಲ ಎನಿಸಿಕೊಂಡ ಮನುಷ್ಯ, ಕಿತ್ತಳೆ ಸುಲಿದು ಕೈಗಿಡುವುದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಹೇಳಿಯೇಬಿಟ್ಟರು.

"ಪಾಠದಲ್ಲಿ ಇತ್ತು ಕಣೇ."

"ಗೊತ್ತು. ಚಿತ್ರ ನೋಡಿದ್ನಲ್ಲ."

"ನಾನು ನಿನ್ನ ನೋಡಕ್ಕೆ ಬಿಡಲಿಲ್ಲ."

ಅವಳು ಕಿತ್ತಳೆಯ ತೊಳೆಯೊಂದನ್ನು ಎಡಗೈಯಿಂದ ಬಾಯಿಗಿಟ್ಟುಕೊಂಡಳು. ಆಮೇಲೆ, "ವಿಚಾರಣೆ ಇದೆಯಂತೆ. ಪಾಠ ನೋಡಿದ್ದೆ, ಮರೆತೆ ಅಂತ ಹೇಳ್ತೀನಿ. ನೀನು ಬಾಯಿ ಬಿಡಬೇಡ" ಎಂದಳು.

"ಹಾಗಂದ್ರೆ ತಪ್ಪು ನಿಂದೇ ಅಂತಾರೆ. ಕಲಿಸಿದ್ರೂ ಅಜಾಗರೂಕತೆ ಮಾಡಿದ್ಲು ಅಂತ ಕೆಲಸದಿಂದ ತೆಗೀತಾರೆ. ಮ್ಯಾನೇಜರೇ ಹೇಳಿದ್ರು."

"ತೆಗೀಲಿ. ಈ ಕೈ ಇಟ್ಕೊಂಡು ಆ ಮಿಷನ್ ಮುಂದೆ ಇನ್ನೇನು ನಿಲ್ತೀನಾ? ಮೊಬೈಲೆಲ್ಲಾ ಸಾಲಾಗಿ ಇಟ್ಟಿದ್ದು ಗೊತ್ತಾದ್ರೆ ನಿನ್ನ ಕ್ಲಾಸು ಹೋಗುತ್ತೆ. ಅದು ಬಿಟ್ರೆ ನಿಂಗೆ ಏನು ಬರುತ್ತೆ ಅಣ್ಣ? ಗೋಡೆಗೆ ಸುಣ್ಣ ಹೊಡೆಯಕ್ಕೂ ಸರಿಯಾಗಿ ಬರಲ್ಲ."

ಮೇಷ್ಟ್ರು ತಲೆ ತಗ್ಗಿಸಿ, "ಸರಿ" ಎಂದರು. ಆ ಕೋಣೆಯನ್ನು ಬಿಟ್ಟುಕೊಡುವ ಶಕ್ತಿ ಆ ಮಧ್ಯಾಹ್ನ ಅವರಿಗೆ ನಿಜವಾಗಿಯೂ ಇರಲಿಲ್ಲ.

ಗಾಯ ಮಾಗಿದ ಮೇಲೆ ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ ನಡೆಯಿತು. ಮುಖ್ಯ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದರು. ಕನ್ನಡಕ ಹಾಕಿದ, ದನಿ ಎತ್ತದ ಅಧಿಕಾರಿ. ಮೇಷ್ಟ್ರನ್ನು ತರಬೇತಿ ಕೊಟ್ಟವರೆಂದು ಕರೆಸಿದ್ದರು. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರು.

"ಆನ್‌ಲೈನ್ ಪಾಠ ಮುಗಿಸಿದ್ದೀರಿ. ಪೂರ್ತಿ ಅಂಕ ಬಂದಿದೆ" ಎಂದರು ಅಧಿಕಾರಿ, ಎದುರು ಕೂತ ತಂಗಿಗೆ. "ಗಾಳಿ ಬಿಡಬೇಕು ಅನ್ನೋ ಭಾಗ ನೋಡಿದ್ರಾ?"

"ನೋಡಿದ್ದೆ ಮೇಡಂ. ಮರೆತೆ."

"ಪ್ರಶ್ನೆಗೂ ಸರಿಯಾಗೇ ಉತ್ತರ ಕೊಟ್ಟಿದ್ದೀರಿ."

"ಹೌದು. ಮರೆತೆ."

ಅಧಿಕಾರಿ ಅವಳ ಹೇಳಿಕೆಯನ್ನು ಓದಿ ಹೇಳಿ, ಕಾಗದವನ್ನು ಅವಳ ಕಡೆ ತಿರುಗಿಸಿ, ಪೆನ್ನು ಮುಂದಿಟ್ಟರು. ತಂಗಿ ಎಡಗೈಯಲ್ಲಿ ಪೆನ್ನು ಹಿಡಿದು ಪ್ರಯತ್ನಿಸಿದಳು. ಅಕ್ಷರ ಕೂಡಲಿಲ್ಲ. ಪೆನ್ನು ಕೆಳಗಿಟ್ಟು, ಬಲಗೈಗೆ ಸುತ್ತಿಕೊಂಡಿದ್ದ ಸೆರಗನ್ನು ಬಿಡಿಸಿದಳು.

"ಹೆಬ್ಬೆಟ್ಟು ಒತ್ತಲಾ ಮೇಡಂ? ಅದೊಂದು ಇದೆ."

ಇದೂ ಅವಳ ತಮಾಷೆಯೇ. ಯಾರೂ ನಗಲಿಲ್ಲ. ಮ್ಯಾನೇಜರು ಮಸಿಯ ಪ್ಯಾಡಿಗಾಗಿ ಮೇಜಿನ ಸೆಳೆಖಾನೆ ಎಳೆದರು. ಅದು ಕಿರ್ ಎಂದಿತು.

"ಒತ್ತಬೇಡ" ಎಂದರು ಮೇಷ್ಟ್ರು. ಎದ್ದು ನಿಂತಿದ್ದರು. "ಅವಳು ನೋಡಿಲ್ಲ ಮೇಡಂ. ಯಾರೂ ನೋಡಿಲ್ಲ. ಮೊಬೈಲುಗಳು ನೋಡಿದ್ವು."

"ಅಣ್ಣ, ಕೂತ್ಕೋ."

"ಮೇಜಿನ ಮೇಲೆ ಸಾಲಾಗಿ ಇಡಿಸಿದ್ದೆ. ಇವಳು ನೋಡ್ತೀನಿ ಅಂದ್ಲು. ನಾನು ತಮಾಷೆ ಮಾಡಿ ಕೂರಿಸಿದೆ."

ಅಧಿಕಾರಿ ಕನ್ನಡಕ ತೆಗೆದರು. "ಪರೀಕ್ಷೆ?"

"ನಾನು ಹೇಳಿದೆ, ಅವರು ಒತ್ತಿದ್ರು."

"ಹಾಗಾದ್ರೆ ನೀವಾದ್ರೂ ಪಾಠ ನೋಡಿದ್ರಾ?"

"ನೋಡಿದ್ರೆ ಇವಳಿಗೆ ಕೈ ಇರ್ತಿತ್ತು."

ಆಕೆ ಹೇಳಿಕೆಯ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ಯಂತ್ರ ಬಂದಾಗ ಇವರ ಎದುರು ನಿಂತು ಆ ತಿರುಪು ಯಾರಾದ್ರೂ ತಿರುಗಿಸಿ ತೋರಿಸಿದ್ರಾ?"

"ಪಾಠದಲ್ಲಿ ಇದೆ ಅಂತ..." ಎಂದು ಶುರು ಮಾಡಿದರು ಮ್ಯಾನೇಜರು. ಮಾತ್ರೆಯ ಡಬ್ಬಿಗಾಗಿ ಜೇಬು ತಡಕಿದರು.

ಅಂಗಳಕ್ಕೆ ಬಂದ ಮೇಲೆ ತಂಗಿ ನಿಂತಳು. ಲಾರಿಯೊಂದು ಹಿಂದೆ ಸರಿಯುತ್ತಿತ್ತು. ಅದು ಸರಿದು ನಿಲ್ಲುವವರೆಗೆ ಕಾದಳು.

"ನನ್ನ ಕೈಯಂತೂ ಹೋಯ್ತು. ಅದರ ಬದಲಿಗೆ ನಿನ್ನ ಕ್ಲಾಸಾದ್ರೂ ಉಳಿದ್ರೆ ಏನೋ ಒಂದು ಉಳೀತು ಅಂದ್ಕೊಳ್ತಿದ್ದೆ. ಅದನ್ನೂ ಹಾಳು ಮಾಡಿದೆ."

"ನಿನ್ನ ತಪ್ಪು ಅಂತ ಬರೀತಿದ್ರು ಪುಟ್ಟಿ."

"ಬರೀಲಿ. ಗಂಡ ಬಿಟ್ಟು ಹೋದಾಗಲೂ ಎಲ್ಲಾ ನನ್ನ ತಪ್ಪು ಅಂತಾನೇ ಅಂದ್ರು. ಹೊತ್ಕೊಂಡು ಅಭ್ಯಾಸ ಇದೆ ನಂಗೆ. ನಿಂಗೆ ಇಲ್ಲ. ನೀನು ಇದನ್ನ ಹೊತ್ಕೊಂಡು ದಿನಾ ನನ್ನ ಮನೆ ಬಾಗಿಲಿಗೆ ಬರ್ತೀಯ, ನಾನು ದಿನಾ ನಿನ್ನ ಮುಖ ನೋಡಬೇಕು."

ಅವಳು ನಡೆದುಹೋದಳು. ಅಣ್ಣನಿಗೆ ಅವಳ ಹಿಂದೆ ಹೋಗುವ ಧೈರ್ಯವಾಗಲಿಲ್ಲ.

ಅವಳ ಹೆಸರಿಗೆ ತಪ್ಪು ಬರೆಯಲಿಲ್ಲ. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕಡೆ ಕೂತು ಮಾಡುವ ಕೆಲಸ ಕೊಟ್ಟರು. ಹೊಸ ಯಂತ್ರಗಳ ತಿರುಪಿಗೆ ಕಣ್ಣು ಕುಕ್ಕುವಂಥ ಫಲಕ ಬಂತು, ಮೆಕ್ಯಾನಿಕ್ ಒಬ್ಬೊಬ್ಬರನ್ನೇ ಕರೆದು ಗಾಳಿ ಬಿಡಿಸಿ ನೋಡಿದ. ತರಗತಿ ಮುಚ್ಚಿತು. ಸುಣ್ಣದ ಗೋಡೆಗೆ ಒರಗಿ ಈಗ ಅಲ್ಲಿ ಕಾಗದದ ಉರುಳೆಗಳು ನಿಂತಿವೆ. ಮೇಷ್ಟ್ರನ್ನು ಗೇಟಿಗೆ ಹಾಕಿದರು, ಬಂದ ಲಾರಿಗಳಿಗೆ ಚೀಟಿ ಕೊಡುವ ಕೆಲಸಕ್ಕೆ. ಎಲ್ಲರೂ ಪಾಠವನ್ನು ಮೊದಲಿಂದ ನೋಡಬೇಕಾಯಿತು, ಈ ಸಲ ಒಬ್ಬೊಬ್ಬರಾಗಿ, ಮ್ಯಾನೇಜರ ಕಣ್ಣೆದುರು. ಮುಗಿಸಿ ಮನೆಗೆ ಹೊರಟ ಗೋಂದಣ್ಣ ಗೇಟಿನಲ್ಲಿ ನಿಂತ.

"ಪೂರ್ತಿ ನೋಡಿದೆ ಮೇಷ್ಟ್ರೇ. ಒಳ್ಳೇದೇ ಇದೆ. ಆದ್ರೆ ಆ ಹೆಂಗಸು ಮಧ್ಯ ಏನು ಕೇಳಿದ್ರೂ ಉತ್ತರ ಕೊಡಲ್ಲ."

"ನಾನು ಕೊಡ್ತಿದ್ದೆ" ಎಂದರು ಮೇಷ್ಟ್ರು. "ಗೊತ್ತಿಲ್ಲದ್ದಕ್ಕೂ."

ಎಂದೂ ಮಾತು ಬಿಡದ ಗೋಂದಣ್ಣ ಅಲ್ಲಿಗೇ ಮಾತು ಬಿಟ್ಟು ಮನೆಗೆ ಹೋದ.

ತಂಗಿ ಹೇಳಿದ ಹಾಗೇ ಆಯಿತು. ಮೇಷ್ಟ್ರು ದಿನವೂ ಸಂಜೆ ಅವಳ ಮನೆಗೆ ಹೋಗುತ್ತಿದ್ದರು. ಅವಳು ಮಾತಾಡುತ್ತಿರಲಿಲ್ಲ. ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಅವರು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಕೂತು, ಮಗುವಿನ ಕೈಗೆ ಏನಾದರೂ ಕೊಟ್ಟು ಎದ್ದು ಬರುತ್ತಿದ್ದರು. ನೀರು ಹಿಡಿದುಕೊಡಲು ಹೋದರೆ ಅವಳು ಕೊಡವನ್ನು ಅತ್ತ ಎಳೆದುಕೊಳ್ಳುತ್ತಿದ್ದಳು.

ಒಂದು ಸಂಜೆ ಹೋದಾಗ ಮೊಬೈಲು ಗೋಡೆಗೆ ಒರಗಿತ್ತು. ಅದರಲ್ಲಿ ಯಾವುದೋ ದೇಶದ ಹೆಂಗಸು, ಯಾವುದೋ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಅವಳಿಗೂ ಒಂದು ಕೈಯಲ್ಲಿ ಬೆರಳುಗಳಿರಲಿಲ್ಲ. ಆ ಕೈಯನ್ನೇ ಒತ್ತಾಸೆಯಾಗಿಟ್ಟು ಅವಳು ಒಂದು ಹುಡುಗಿಯ ಜಡೆ ಹೆಣೆಯುತ್ತಿದ್ದಳು. ತಂಗಿ ಮಗಳನ್ನು ಮುಂದೆ ಕೂರಿಸಿಕೊಂಡು, ಕೂದಲಿನ ಒಂದು ಎಳೆಯನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಅದುಮಿ, ಮಿಕ್ಕವನ್ನು ಎಡಗೈಯಿಂದ ದಾಟಿಸಲು ನೋಡುತ್ತಿದ್ದಳು. ಎಳೆ ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು.

ಮೇಷ್ಟ್ರು ಒಳಗೆ ಬಂದು ಜಾರಿದ ಎಳೆಗೆ ಕೈ ಚಾಚಿದರು.

"ಹಿಡೀಬೇಡ" ಎಂದಳು ತಂಗಿ. ಅಂಗಳದಲ್ಲಿ ಬಿಟ್ಟುಹೋದ ಮೇಲೆ ಅವಳು ಅಣ್ಣನಿಗೆ ಆಡಿದ ಮೊದಲ ಮಾತು ಅದು. "ಆ ಎಳೆನ ಅವಳು ಎಲ್ಲಿ ಸಿಗಿಸ್ತಾಳೆ ಅಂತ ನನಗೆ ಕಾಣ್ತಿಲ್ಲ. ನೀನು ನೋಡಿ ಹೇಳು."

ಮೇಷ್ಟ್ರು ಮೊಬೈಲಿನ ಮುಂದೆ ನೆಲದ ಮೇಲೆ ಕೂತರು. ಆ ಹೆಂಗಸಿನ ಮಾತು ಒಂದೂ ತಿಳಿಯುತ್ತಿರಲಿಲ್ಲ. ಕೈಯನ್ನೇ ನೋಡುತ್ತ ಕೂತರು. ನೋಡಿ ಮುಗಿಯುವುದರೊಳಗೆ ಕಣ್ಣು ಮಂಜಾಗಿ, ಬೇಕಾದ ಜಾಗವೇ ತಪ್ಪಿಹೋಯಿತು.

"ಕಂಡಿತಾ?" ಎಂದಳು ತಂಗಿ.

"ಮಾಮ ಅಳ್ತಿದಾರೆ" ಎಂದಿತು ಮಗು, ತಲೆ ಅಲುಗಿಸದೆ.

"ಕಾಣಲಿಲ್ಲ" ಎಂದರು ಮೇಷ್ಟ್ರು. ಅಂಗಿಯ ಅಂಚಿನಿಂದ ಕಣ್ಣು ಒರೆಸಿಕೊಂಡು ಇನ್ನಷ್ಟು ಹತ್ತಿರ ಸರಿದರು. "ಮೊದಲಿಂದ ಹಾಕು. ಈ ಸಲ ನೋಡ್ತೀನಿ."